ಮನೆದೇವರ ಹೆಸರಿನ ಪಾಸ್‌ವರ್ಡ್

ವಿಜಯವಾಡ
ಸೆಪ್ಟೆಂಬರ್ 10, 2017
ಭಾನುವಾರ, ಮಧ್ಯಾಹ್ನ

ಮುದ್ದು ಮೇಧಾ,

ನಿನ್ನ ಅಮ್ಮನ ಆಶೀರ್ವಾದಗಳು. ಈ ಕಾಲದಲ್ಲಿ ಅಮ್ಮ ಕಾಗದ ಬರೆಯುವುದೇ, ಅದೂ ನಿನ್ನ ಗಂಡನ ಎಂ.ವಿ.ಪಿ. ಕಾಲೊನಿಯ ಮನೆಗೆ ಹಾಕದೆ ನೀನು ಕೆಲಸ ಮಾಡುವ ಪರವಾಡದ ಕಂಪನಿ ವಿಳಾಸಕ್ಕೆ ಹಾಕುವುದೇ ಅಂತ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಪ್ಪ ಈಗಷ್ಟೇ ಊಟ ಮುಗಿಸಿ ಪೇಪರು ಮುಖದ ಮೇಲೆ ಹಾಕಿಕೊಂಡು ಮಲಗಿದ್ದಾರೆ. ನಾನು ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಕೇಳಿದರೆ ಚಿತ್ರದುರ್ಗದ ಅಣ್ಣನಿಗೆ ಅಂತ ಹೇಳುವುದು ಅಂತ ಇಟ್ಟುಕೊಂಡಿದ್ದೇನೆ. ಅವರು ಕೇಳುವವರಲ್ಲ, ಆದರೂ ಉತ್ತರ ಸಿದ್ಧವಾಗಿರಲಿ.

ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂದರೆ, ಫೋನನ್ನು ನಂಬುವುದು ನಿಲ್ಲಿಸಿ ಎರಡು ತಿಂಗಳಾಯಿತು. ವಾಟ್ಸಾಪಿನಲ್ಲಿ ಹಳದಿ ಪಟ್ಟಿಯೊಂದು ಬಂದು ನಿಮ್ಮಿಬ್ಬರ ಮಾತು ಮೂರನೆಯವರಿಗೆ ಕೇಳುವುದಿಲ್ಲ ಅಂತ ಆಣೆ ಮಾಡುತ್ತದಲ್ಲ, ಅದು ಇರಬಹುದು. ಆದರೆ ನಮ್ಮ ಮನೆಯಲ್ಲಿ ಮೂರನೆಯವರು ಕಂಪನಿಯವರಲ್ಲ, ನಮ್ಮ ಭುಜದ ಮೇಲಿನಿಂದ ಬಗ್ಗಿ ನೋಡುವ ನಮ್ಮವರೇ. ಅಂಟು ಹಾಕಿದ ಲಕೋಟೆಯೇ ನನಗೆ ಸರಿ. ಕನ್ನಡದಲ್ಲಿ ಬರೆದರೆ ಇನ್ನೂ ಒಂದು ಬೀಗ. ಹಾಗಂತ ಅದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ, ತೆಲುಗು ಬಲ್ಲವರು ಮನಸ್ಸು ಮಾಡಿದರೆ ನಮ್ಮ ಅಕ್ಷರ ಕೂಡಿಸಿಕೊಂಡು ಓದಿಬಿಡುತ್ತಾರೆ. ಅದಕ್ಕೇ ಅಂಟು ಸ್ವಲ್ಪ ಹೆಚ್ಚೇ ಹಾಕಿದ್ದೇನೆ, ಹುಷಾರಾಗಿ ಬಿಡಿಸು. ಒತ್ತಕ್ಷರಗಳ ಹತ್ತಿರ ನೀನು ಚಿಕ್ಕಂದಿನಿಂದ ಎಡವುತ್ತೀಯ. ನಿಧಾನ ಓದು.

ಮೊದಲು ದೇಶದ ಸುದ್ದಿ ಹೇಳುತ್ತೇನೆ, ಮನೆಯ ಸುದ್ದಿ ಅದರ ಹಿಂದೆಯೇ ಬರುತ್ತದೆ.

ಹೋದ ತಿಂಗಳು, ವಿನಾಯಕ ಚವಿತಿಯ ಹಿಂದಿನ ದಿನ, ದಿಲ್ಲಿಯ ಒಂಬತ್ತು ಜನ ನ್ಯಾಯಮೂರ್ತಿಗಳು ಒಂದೇ ಮಾತಿನಲ್ಲಿ ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂದರಲ್ಲ, ಆ ರಾತ್ರಿ ನಮ್ಮ ಮನೆಯಲ್ಲಿ ಟಿ.ವಿ.ಯವರಿಗಿಂತ ದೊಡ್ಡ ಚರ್ಚೆ ನಡೆಯಿತು. ಎದುರು ಪಕ್ಷ ನಿಮ್ಮ ಬಾಬಾಯಿ. ನನ್ನ ಮೈದುನ ಫಣೀಂದ್ರ ಎಂಥವರು ಅಂತ ನಿನಗೆ ನಾನು ಹೇಳಬೇಕೇ? ಗವರ್ನರ್‌ಪೇಟೆಯ ನಮ್ಮ ಎಲೆಕ್ಟ್ರಿಕಲ್ ಅಂಗಡಿಗೆ ಕಂಪ್ಯೂಟರ್ ಬಂದ ದಿನದಿಂದ ಈ ವಂಶದ ತಂತ್ರಜ್ಞಾನ ಮಂತ್ರಿ ಅವರೇ. ತಪ್ಪು ಮಾಡದವರಿಗೆ ಗುಟ್ಟು ಯಾಕೆ ವದಿನಾ, ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನಿದೆ ಅಂದರು. ಹಾಗಾದರೆ ಬಚ್ಚಲುಮನೆಗೆ ಬಾಗಿಲು ಯಾಕೆ ಇಡಿಸಿದಿರಿ, ಅಲ್ಲಿ ಯಾವ ತಪ್ಪು ಮಾಡುತ್ತೀರಿ ಅಂತ ಕೇಳಿದೆ. ಅವರ ಹೆಂಡತಿ, ನಿಮ್ಮ ಪಿನ್ನಿ, ನಕ್ಕು ಎದ್ದು ಒಳಗೆ ಹೋದಳು. ನಿಮ್ಮಪ್ಪ ಇನ್ನೊಂದು ಹಪ್ಪಳ ಇದೆಯಾ ಅಂದರು ಅಷ್ಟೇ.

ನಾನು ಈ ವಿಷಯದಲ್ಲಿ ಬಾಯಿಗೆ ಬಂದದ್ದು ಆಡುವವಳಲ್ಲ. ಇದೇ ಬೆಜವಾಡದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲಿನ ಬೋರ್ಡಿನ ಮುಂದೆ ಕೂತು ಅರ್ಧ ಆಯುಷ್ಯ ಕಳೆದವಳು. ಯಾರ ಮನೆಯಲ್ಲಿ ಯಾರು ಸತ್ತರು, ಯಾರ ಮಗಳಿಗೆ ಯಾವ ಗಂಡು ಬೇಡವಾದ ಅನ್ನುವುದೆಲ್ಲ ನನ್ನ ಕಿವಿಯ ಮೇಲೆಯೇ ಹಾದು ಹೋಗಬೇಕಿತ್ತು. ಕೇಳಿಸಬಹುದು, ಕೇಳಿಸಿಕೊಳ್ಳಬಾರದು. ಅದು ನಮ್ಮ ಕೆಲಸದ ಮೊದಲ ಪಾಠ. ಲೈನು ಸರಿಯಾಗಿದೆಯೇ ಅಂತ ನೋಡಿ, ಮಾತು ಕೇಳಿಸುವ ಕೀಲಿ ಬಿಟ್ಟುಬಿಡಬೇಕು. ಈಗಿನ ದೊಡ್ಡ ದೊಡ್ಡ ಕಂಪನಿಗಳಿಗೆ ಆ ಪಾಠ ಹೇಳಿಕೊಡುವ ಒಬ್ಬ ಹಳೇ ಸೂಪರ್‌ವೈಸರ್ ಇದ್ದಿದ್ದರೆ ಇಷ್ಟೆಲ್ಲ ಕೋರ್ಟು ಕಚೇರಿ ಬೇಕಿರಲಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಮನೆಯ ಸುದ್ದಿ. ನಮ್ಮ ಮನೆಗೆ ಮೊದಲ ಸ್ಮಾರ್ಟ್ ಫೋನುಗಳು ಬಂದಾಗ ಬಾಬಾಯಿ ಏನು ಮಾಡಿದರು ನೆನಪಿದೆಯಾ? ಮನೆ ಒಂದು, ಅಡುಗೆ ಒಂದು, ಅಂಗಡಿ ಒಂದು, ಇನ್ನು ಮೇಲ್ ಅಕೌಂಟು ಮಾತ್ರ ಬೇರೆ ಬೇರೆ ಯಾಕೆ ಅಂತ ಎಲ್ಲರ ಫೋನಿಗೂ ಒಂದೇ ಅಕೌಂಟು ಹಾಕಿದರು. ಪಾಸ್‌ವರ್ಡು ಮನೆದೇವರ ಹೆಸರು, ಕನಕದುರ್ಗ, ಹಿಂದೆ ಒಂದು ಎರಡು ಮೂರು. ಬೆಟ್ಟದ ಮೇಲಿನ ಅಮ್ಮನ ಹೆಸರಿಟ್ಟರೆ ಬೆಜವಾಡದಲ್ಲಿ ಅರ್ಧ ಊರಿನ ಬೀಗ ತೆಗೆಯಬಹುದು ಅಂತ ಆಗ ಯಾರಿಗೂ ಹೊಳೆಯಲಿಲ್ಲ. ನಿನ್ನ ಮದುವೆಗೆ ಅಪ್ಪ ಕೊಡಿಸಿದ ಫೋನಿಗೂ ಅವರೇ ಕೂತು ಅದೇ ಅಕೌಂಟು ಹಾಕಿ ಕೊಟ್ಟರು. ನೀನು ಅದನ್ನು ಬದಲಾಯಿಸಲಿಲ್ಲ. ಬದಲಾಯಿಸಬೇಕು ಅಂತ ನಿನಗೂ ಅನ್ನಿಸಿರಲಿಕ್ಕಿಲ್ಲ.

ಹೋದ ಜುಲೈಯಲ್ಲಿ ನನ್ನ ನವಿಲು ಬಣ್ಣದ ರೇಷ್ಮೆ ಸೀರೆಗೆ ಎಣ್ಣೆ ಬಿತ್ತು. ಕಲೆ ತೆಗೆಯುವುದು ಹೇಗೆ ಅಂತ ಫೋನಿನಲ್ಲಿ ಹುಡುಕೋಣ ಅಂತ ಇಂಗ್ಲಿಷಿನಲ್ಲಿ ‘ಹೇಗೆ’ ಅನ್ನುವಷ್ಟು ಬರೆದೆ. ಮುಂದಿನದನ್ನು ಫೋನೇ ತುಂಬಿಕೊಟ್ಟಿತು, ಇದೇ ಅಕೌಂಟಿನಿಂದ ಮೊದಲು ಯಾರೋ ಕೇಳಿದ್ದ ಪ್ರಶ್ನೆಗಳನ್ನು. ಗಂಡ ನನ್ನ ವಾಟ್ಸಾಪ್ ಓದುತ್ತಿದ್ದಾನೆಯೇ ಎಂದು ತಿಳಿಯುವುದು ಹೇಗೆ. ಅದರ ಕೆಳಗೆ, ಗಂಡನಿಗೆ ನಾನು ಎಲ್ಲಿದ್ದೇನೆ ಎಂದು ತಿಳಿಯದ ಹಾಗೆ ಮಾಡುವುದು ಹೇಗೆ.

ಈ ಮನೆಯಲ್ಲಿ ಹಾಗೆ ಕೇಳುವವರು ಯಾರು? ನಾನು ಕೇಳಿರಲಿಲ್ಲ. ಪಿನ್ನಿಗೆ ಇಂಗ್ಲಿಷ್ ಬರೆಯಲು ಬಾರದು. ಸೀರೆಯನ್ನು ಹಾಗೇ ಮಡಿಚಿಟ್ಟೆ, ಅದರ ಕಲೆ ಇನ್ನೂ ಹೋಗಿಲ್ಲ. ಆ ದಿನ ನನಗೆ ಎಷ್ಟು ಸಂಕಟವಾಯಿತು ಅಂತ ಬರೆದರೆ ನೀನು ಅಳುತ್ತೀಯ, ಲ್ಯಾಬಿನಲ್ಲಿ ಕೂತು ಅಳಬೇಡ. ನನ್ನ ಮಗಳು ಅಮ್ಮನನ್ನು ಕೇಳದೆ ಯಂತ್ರವನ್ನು ಕೇಳಿದಳಲ್ಲ ಅಂತ ಸಂಕಟವಾಯಿತು. ಹಾಗೆ ಕೇಳಬೇಕಾದ ಮನೆಯಲ್ಲಿ ಎರಡು ವರ್ಷ ಇದ್ದಳಲ್ಲ ಅಂತ ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಅದಾದ ಮೇಲೆ ನನ್ನ ಫೋನಿನ ಹೆಸರುಗಳ ನಡುವೆ ಎರಡು ಹೊಸ ಹೆಸರು ಬಂದು ಕೂತವು. ನಾನು ಕದ್ದು ನೋಡಿದ್ದಲ್ಲ ಮೇಧಾ, ನಿನ್ನ ಫೋನಿನಲ್ಲಿ ಬರೆದಿಟ್ಟ ಹೆಸರು ಅಕೌಂಟಿನ ದಾರಿ ಹಿಡಿದು ಎಲ್ಲರ ಫೋನಿಗೂ ತಾನಾಗಿ ಬರುತ್ತದೆ. ಒಂದು ‘ಪೆಂಡುರ್ತಿ ರೂಮ್ ಓನರ್’. ಇನ್ನೊಂದು ‘ಅಡ್ವೊಕೇಟ್ ಸೂರ್ಯಕಾಂತಮ್ಮ ಗಾರು’.

ನನಗೆ ಬಂದದ್ದು ನಿಮ್ಮಪ್ಪನ ಫೋನಿಗೂ ಬಂದಿರುತ್ತದೆ, ಬಾಬಾಯಿಯ ಫೋನಿಗೂ. ನಿಮ್ಮಪ್ಪನ ಭಯ ನನಗಿರಲಿಲ್ಲ. ಅವರು ಇವತ್ತಿಗೂ ನಂಬರುಗಳನ್ನು ಬಾಯಿಪಾಠ ಒತ್ತುವವರು. ಫೋನು ಅಂದರೆ ಅವರಿಗೆ ಕಿವಿಗೆ ಹಿಡಿಯುವ ವಸ್ತು, ಕಣ್ಣಿಗಲ್ಲ. ಆದರೆ ಬಾಬಾಯಿ ದಿನಕ್ಕೆ ನಾಲ್ಕು ಸಲ ಆ ಪಟ್ಟಿ ಮೇಲೆ ಕೆಳಗೆ ಓಡಿಸುತ್ತಾರೆ. ವಕೀಲರ ಹೆಸರು ಕಂಡರೆ ಸಂಜೆಯೊಳಗೆ ಅದು ಬೀಸೆಂಟ್ ರೋಡ್ ದಾಟಿ ತೆನಾಲಿ ತಲುಪುತ್ತಿತ್ತು. ನೀನು ಹೇಳಬೇಕಾದ ಮಾತನ್ನು ನಿನಗಿಂತ ಮುಂಚೆ ಊರು ಹೇಳುವುದು ನನಗೆ ಬೇಕಿರಲಿಲ್ಲ. ಅಲ್ಲೇ ನಿಂತ ನಿಲುವಿನಲ್ಲಿ ಆ ಹೆಸರನ್ನು ತಿದ್ದಿ ‘ಸೂರ್ಯಕಾಂತಮ್ಮ ಅಪ್ಪಡಾಲು’ ಅಂತ ಮಾಡಿದೆ. ಹಪ್ಪಳ ಮಾರುವವರನ್ನು ಯಾರು ಅನುಮಾನಿಸುತ್ತಾರೆ?

ಅದು ನಿನ್ನ ಫೋನಿನಲ್ಲೂ ಬದಲಾಯಿತು ಅಂತ ಆಮೇಲೆ ಹೊಳೆಯಿತು. ನಿನ್ನ ವಕೀಲರು ಇದ್ದಕ್ಕಿದ್ದಂತೆ ಹಪ್ಪಳದವರಾದದ್ದು ನೋಡಿ ನೀನು ಎಷ್ಟು ಹೆದರಿದೆಯೋ! ಅದು ನಿನ್ನ ಗಂಡ ಸಾಯಿಯ ಕೆಲಸವಲ್ಲ, ನನ್ನದು. ಮನಸ್ಸು ಹಗುರ ಮಾಡಿಕೊ.

ಒಂದು ಮಾತು ಒಪ್ಪಿಕೊಳ್ಳಬೇಕು. ಅಕೌಂಟಿನಲ್ಲಿ ನಿನ್ನ ಫೋನಿನ ಚಿತ್ರಗಳೂ ಇದ್ದವು. ತಡೆಯಲಾರದೆ ಒಂದೆರಡು ನೋಡಿದೆ. ಸಣ್ಣ ರೂಮು, ಕಿಟಕಿ ಹಲಗೆಯ ಮೇಲೆ ಬೋರಲು ಹಾಕಿದ ಒಂದು ತಟ್ಟೆ, ಒಂದು ಲೋಟ. ಆಮೇಲೆ ಮೇಲಿನ ಫ್ಯಾನಿನದೊಂದು ಚಿತ್ರ, ರೆಕ್ಕೆ ವಾಲಿಕೊಂಡದ್ದು, ಓನರಿಗೆ ತೋರಿಸಲು ತೆಗೆದದ್ದಿರಬೇಕು. ಅಲ್ಲಿಗೆ ಕೀಲಿ ಬಿಟ್ಟೆ. ಲೈನಿನ ಆ ಕಡೆ ಜೀವ ಇದೆ, ಉಸಿರಾಡುತ್ತಿದೆ, ನನಗೆ ಅಷ್ಟು ಸಾಕಿತ್ತು.

ನೀನಾಗಿ ಹೇಳುವ ತನಕ ಬಾಯಿ ಬಿಡಬಾರದು ಅಂತಲೇ ಇದ್ದೆ. ಪ್ರತಿ ಭಾನುವಾರ ಫೋನಿನಲ್ಲಿ ನೀನು ಸಾಯಿ ಚೆನ್ನಾಗಿದ್ದಾರೆ ಅನ್ನುತ್ತಿದ್ದೆ, ನಾನು ಹೌದಾ ಸಂತೋಷ ಅನ್ನುತ್ತಿದ್ದೆ. ಇಬ್ಬರೂ ಒಳ್ಳೇ ನಟಿಯರು. ಆದರೆ ಚವಿತಿಯ ದಿನ ಬೆಳಿಗ್ಗೆ ಸಾಯಿ ಹಬ್ಬದ ಶುಭಾಶಯ ಹೇಳಲು ಫೋನ್ ಮಾಡಿದ. ಎಂದಿನಂತೆ ಬಹಳ ಮರ್ಯಾದೆ, ಅತ್ತಯ್ಯಗಾರು ಅತ್ತಯ್ಯಗಾರು ಅಂತ ಬೆಣ್ಣೆಯ ಹಾಗೆ ಮಾತು. ನಡುವೆ ಒಂದು ಮಾತು ಅಂದ. ಮೇಧಾ ನಿನ್ನೆ ಡ್ಯೂಟಿಗೆ ಹೋಗಲಿಲ್ಲ, ಪೆಂಡುರ್ತಿ ಕಡೆಯೇ ಇದ್ದಳು, ಮೈ ಸರಿಯಿಲ್ಲವೇನೋ, ನೀವೊಂದು ಸಲ ಕೇಳಿ ಅಂತ.

ಅವನ ಮನೆ ಬಿಟ್ಟು ಬಂದವಳು ಎಲ್ಲಿದ್ದಳು ಅಂತ ಅವನಿಗೆ ಹೇಗೆ ಗೊತ್ತು? ಯೋಚಿಸಿದೆ. ಮದುವೆಯ ಮಾರನೇ ದಿನ ಬಾಬಾಯಿ ಹೊಸ ಅಳಿಯನನ್ನು ಪಕ್ಕಕ್ಕೆ ಕೂರಿಸಿಕೊಂಡು, ನೀನೂ ಈಗ ನಮ್ಮ ಮನೆಯವನು ಬಾಬೂ, ಇಗೋ ನಮ್ಮ ಪಾಸ್‌ವರ್ಡು ಅಂತ ಹೇಳಿಕೊಟ್ಟದ್ದು ನೆನಪಾಯಿತು. ತಾಂಬೂಲ ಕೊಟ್ಟ ಹಾಗೆ ಕೊಟ್ಟಿದ್ದರು. ಫೋನು ಕಳೆದರೆ ಎಲ್ಲಿದೆ ಅಂತ ಹುಡುಕಲು ಅಕೌಂಟಿನಲ್ಲೇ ಒಂದು ದಾರಿ ಇದೆ. ಅವನು ಅದರಲ್ಲಿ ಹುಡುಕುತ್ತಿದ್ದದ್ದು ಫೋನನ್ನಲ್ಲ. ನೀನು ಬಾಗಿಲು ಹಾಕಿಕೊಂಡು ಬಂದೆ ಅಂದುಕೊಂಡಿದ್ದೆ ಮಗಳೇ, ಹಿತ್ತಿಲ ಬಾಗಿಲನ್ನು ನಾವೇ ತೆರೆದಿಟ್ಟಿದ್ದೆವು. ನನ್ನ ಸಿಟ್ಟಿಗೆ ಅವತ್ತಿನ ಕಡುಬು ಒಂದೂ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ.

ಆದರೆ ಪಾಸ್‌ವರ್ಡು ಬದಲಾಯಿಸಬೇಕಾದರೆ ಆರು ಅಂಕಿಯ ಗುಟ್ಟಿನ ನಂಬರು ಬರುವುದು ಬಾಬಾಯಿಯ ಫೋನಿಗೆ. ಸಮಯ ನೋಡಿಕೊಂಡು ಮೊನ್ನೆ ಗುರುವಾರ ಊಟದ ಕ್ಯಾರಿಯರ್ ಹಿಡಿದು ನಾನೇ ಅಂಗಡಿಗೆ ಹೋದೆ. ತೆನಾಲಿಯ ಇಬ್ಬರು ಗಿರಾಕಿಗಳ ಮುಂದೆ ಬಾಬಾಯಿ ಭಾಷಣ ಮಾಡುತ್ತಿದ್ದರು. ಫೋನಿಗೆ ಬರುವ ಓ.ಟಿ.ಪಿ.ಯನ್ನು ಸಾಕ್ಷಾತ್ ಬ್ರಹ್ಮ ಬಂದು ಕೇಳಿದರೂ ಹೇಳಬಾರದು ಅಂತ. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ನನ್ನ ಫೋನಿನಲ್ಲಿ ಪಾಸ್‌ವರ್ಡು ಮರೆತಿದ್ದೇನೆ ಅಂತ ಒತ್ತಿದೆ. ಅವರ ಫೋನು ಟಿಣ್ ಅಂತು. ಫಣೀಂದ್ರಾ, ಅದೇನೋ ಮೆಸೇಜು ಬಂತಲ್ಲ, ನನ್ನದೇ ಇರಬೇಕು, ಕನ್ನಡಕ ಮನೆಯಲ್ಲಿ ಬಿಟ್ಟಿದ್ದೇನೆ, ಸ್ವಲ್ಪ ಓದಿ ಅಂದೆ. ಆರು ಅಂಕಿಯನ್ನೂ ತೆನಾಲಿಯವರಿಗೂ ಕೇಳುವಂತೆ ಸ್ಪಷ್ಟವಾಗಿ ಓದಿ, ಭಾಷಣವನ್ನು ಬಿಟ್ಟಲ್ಲಿಂದ ಮುಂದುವರಿಸಿದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು.

ಸಂಜೆ ನಡೆದ ಗಲಾಟೆ ಏನು ಹೇಳಲಿ. ಎಲ್ಲರ ಫೋನೂ ಒಟ್ಟಿಗೆ ಪಾಸ್‌ವರ್ಡು ಕೇಳಲು ಶುರುಮಾಡಿತು. ನಿನ್ನದೂ ಕೇಳಿರಬೇಕು, ಅದೂ ನಾನೇ. ಮೇ ತಿಂಗಳಲ್ಲಿ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿದ ವೈರಸ್ಸಿನ ಸುದ್ದಿ ಬಂದಿತ್ತಲ್ಲ, ಅದು ಈಗ ಬೆಜವಾಡಕ್ಕೆ ಬಂತು ಅಂತ ಬಾಬಾಯಿ ಅಂಗಡಿಯ ಕಂಪ್ಯೂಟರಿನ ವೈರು ಕಿತ್ತು, ಬಿಲ್ಲನ್ನು ಕೈಯಲ್ಲಿ ಬರೆದರು. ಹೋದ ವರ್ಷ ಆಯುಧಪೂಜೆಗೆ ಇಟ್ಟ ಕುಂಕುಮ ಆ ಮಾನಿಟರಿನ ಮೇಲೆ ಇನ್ನೂ ಇದೆ, ಅದನ್ನು ಬಿಟ್ಟರೆ ಅದಕ್ಕೆ ಬೇರೆ ರಕ್ಷಣೆ ಇಲ್ಲ. ಅವರಿಗೂ ಪಿನ್ನಿಗೂ ಬೇರೆ ಬೇರೆ ಅಕೌಂಟು ಮಾಡಿಸಿದೆ. ತಮ್ಮ ಹೊಸ ಪಾಸ್‌ವರ್ಡನ್ನು ಅವರು ಯಾರಿಗೂ ತೋರಿಸದೆ ಕೈ ಅಡ್ಡ ಹಿಡಿದು ಬರೆದರು. ಬರೆಯುವಾಗ ಬೆಟ್ಟದ ಕಡೆ ತಿರುಗಿ ಕೆನ್ನೆ ಬಡಿದುಕೊಂಡದ್ದು ನೋಡಿ ಅದು ಏನಿರಬಹುದು ಅಂತ ನನಗೆ ಗೊತ್ತಾಯಿತು.

ಈಗ ಹಳೆಯ ಅಕೌಂಟಿನಲ್ಲಿ ಉಳಿದಿರುವುದು ಎರಡೇ ಫೋನು, ನನ್ನದು ಮತ್ತು ನಿಮ್ಮಪ್ಪನದು. ಹೊಸ ಪಾಸ್‌ವರ್ಡನ್ನು ಅವರ ಫೋನಿಗೂ ನಾನೇ ಒತ್ತಿ ಕೊಟ್ಟೆ. ಏನು ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಗುಟ್ಟಿನ ನಂಬರು ಇನ್ನು ನನ್ನ ಫೋನಿಗೇ ಬರುವ ಹಾಗೆ ಮಾಡಿದ್ದೇನೆ. ಸಾಯಿ ಈಗ ಬೆಟ್ಟದ ಅಮ್ಮನ ಹೆಸರನ್ನು ಸಹಸ್ರನಾಮದ ಹಾಗೆ ಒತ್ತಿದರೂ ಬಾಗಿಲು ತೆರೆಯುವುದಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ನಮ್ಮ ಕಡೆ ಆಡಿಕೊಳ್ಳುತ್ತಾರೆ. ಇರಲಿ, ತಡವಾದರೂ ಹಾಕಿದ ಬಾಗಿಲು ಬಾಗಿಲೇ. ನಿನ್ನ ಪಾಲಿನ ಕೆಲಸ ಇಷ್ಟು. ಇವತ್ತೇ ನಿನ್ನದೇ ಒಂದು ಹೊಸ ಅಕೌಂಟು ಮಾಡಿಕೊ, ಪಾಸ್‌ವರ್ಡಿಗೆ ದೇವರು, ನಾಯಿ, ಹುಟ್ಟಿದ ದಿನ ಯಾವುದೂ ಬೇಡ. ನನಗೂ ಹೇಳಬೇಡ. ನೀನು ಯಂತ್ರವನ್ನು ಕೇಳಿದ ಪ್ರಶ್ನೆಗೆ ಉತ್ತರವನ್ನು ನಾನೂ ಓದಿದೆ. ವಾಟ್ಸಾಪಿನ ಮೂಲೆಯ ಮೂರು ಚುಕ್ಕಿ ಒತ್ತಿದರೆ ನಿನ್ನದು ಬೇರೆ ಯಾವ ಕಂಪ್ಯೂಟರಿನಲ್ಲಿ ತೆರೆದಿದೆ ಅಂತ ತೋರಿಸುತ್ತದೆ. ಎಲ್ಲವನ್ನೂ ಒಂದೇ ಸಲ ಮುಚ್ಚಿಬಿಡು. ನಿನ್ನ ಹೆಸರುಗಳನ್ನೂ ಚಿತ್ರಗಳನ್ನೂ ನಾನು ಅಳಿಸಿಲ್ಲ. ನಾನು ಬಂದಾಗ ನನ್ನ ಫೋನು ನಿನ್ನ ಕೈಗೆ ಕೊಡುತ್ತೇನೆ, ಬೇಕಾದ್ದನ್ನು ನಕಲು ಮಾಡಿಕೊಂಡು ನೀನೇ ಅಳಿಸು.

ಹೌದು, ಬರುತ್ತಿದ್ದೇನೆ. ಬರುವ ಭಾನುವಾರ, ದಸರಾಕ್ಕೆ ಮುಂಚೆ, ಬೆಳಗಿನ ರತ್ನಾಚಲ್ ರೈಲಿಗೆ. ಮನೆಯಲ್ಲಿ ಸಿಂಹಾಚಲದ ಹರಕೆ ಅಂತ ಹೇಳಿದ್ದೇನೆ. ಸಿಂಹಾಚಲದಿಂದ ಪೆಂಡುರ್ತಿ ಎಷ್ಟು ದೂರ ಮಹಾ, ಅಲ್ಲಿಯ ಅಪ್ಪನ್ನ ಸ್ವಾಮಿಗೂ ಸಿಟ್ಟು ಬರುವುದಿಲ್ಲ. ಯಾಕೆ ಬಿಟ್ಟು ಬಂದೆ ಅಂತ ನಾನು ಕೇಳುವುದಿಲ್ಲ, ಸ್ವಲ್ಪ ಹೊಂದಿಕೊಂಡು ಹೋಗಬಾರದಿತ್ತಾ ಅಂತಂತೂ ಕೇಳುವುದೇ ಇಲ್ಲ. ದಿನಾ ರಾತ್ರಿ ನಿನ್ನ ಫೋನು ಬಿಚ್ಚಿ ಓದುವವನಿಗೆ ಬೇಕಾದದ್ದು ಹೆಂಡತಿಯಲ್ಲ. ನೀನು ಸರಿಯಾದ ಕೆಲಸ ಮಾಡಿದ್ದೀಯ. ಇದನ್ನು ನಿನಗೆ ಇನ್ನೊಬ್ಬರು ಹೇಳಿದ್ದಾರೋ ಇಲ್ಲವೋ, ನಾನು ಹೇಳುತ್ತಿದ್ದೇನೆ.

ಅಪ್ಪನಿಗೆ ಮಾತ್ರ ನೀನೇ ಹೇಳಬೇಕು, ನಿನಗೆ ಧೈರ್ಯ ಬಂದ ದಿನ. ಅಲ್ಲಿಯ ತನಕ ಅವರಿಗೆ ಒಂದಕ್ಷರವೂ ತಿಳಿಯದ ಹಾಗೆ ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಇಷ್ಟು ವರ್ಷ ಎಕ್ಸ್‌ಚೇಂಜ್ ನಡೆಸಿದವಳಿಗೆ ಒಬ್ಬ ಗಂಡನ ಲೈನು ಕಾಯುವುದು ದೊಡ್ಡ ಮಾತಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಜಲಜಾ

ತಾ.ಕ.: ಸೋಮವಾರ ಬೆಳಿಗ್ಗೆ. ಅಂಟು ಹಾಕಿದ್ದ ಲಕೋಟೆಯನ್ನು ಮತ್ತೆ ಬಿಡಿಸಬೇಕಾಯಿತು. ನಿನ್ನ ಓನರಿನ ನಂಬರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳೋಣ ಅಂತ ಫೋನು ತೆರೆದರೆ ‘ಪೆಂಡುರ್ತಿ ರೂಮ್ ಓನರ್’ ಇಲ್ಲ. ಅದೇ ನಂಬರಿನ ಮೇಲೆ ತೆಲುಗು ಅಕ್ಷರಗಳಲ್ಲಿ ‘ಮಾ ಮೇಧಾ ಇಲ್ಲು’ ಅಂತ ಇದೆ. ನಮ್ಮ ಮೇಧಾಳ ಮನೆ. ನಾನು ಬದಲಾಯಿಸಿಲ್ಲ. ಅಕೌಂಟಿನಲ್ಲಿ ಇರುವುದು ಎರಡೇ ಫೋನು.

ಹೊರಗೆ ಬಂದು ನೋಡಿದೆ. ಪೇಪರು ಓದುತ್ತಿದ್ದ ನಿಮ್ಮಪ್ಪ ತಲೆ ಎತ್ತದೆ, ಆ ಸೂರ್ಯಕಾಂತಮ್ಮನವರು ಹಪ್ಪಳ ಮಾಡುವುದಿಲ್ಲವಂತೆ ಜಲಜಾ ಅಂದರು. ವರಲಕ್ಷ್ಮಿ ವ್ರತದ ಮುಂಚೆ, ಮನೆಯ ಹಪ್ಪಳ ಮುಗಿಯುತ್ತಾ ಬಂತು ಅಂತ, ಇವರೇ ಆ ಹೆಸರು ಹುಡುಕಿ ಫೋನ್ ಮಾಡಿದ್ದರಂತೆ. ಆ ಕಡೆಯವರು ತಾನು ವಕೀಲೆ, ರಾಂಗ್ ನಂಬರ್ ಅಂತ ಹೇಳಿ ಇಟ್ಟರಂತೆ. ಬೇರೆ ಒಂದು ಮಾತೂ ಆಡಲಿಲ್ಲವಂತೆ, ಒಳ್ಳೆಯ ವಕೀಲರು. ಉಳಿದದ್ದನ್ನು ಇವರೇ ಕೂಡಿಸಿಕೊಂಡಿದ್ದಾರೆ. ನನಗೆ ತಿಳಿದರೆ ನಾನು ತಾಳಲಾರೆ ಅಂತ ನನ್ನಿಂದ ಮುಚ್ಚಿಟ್ಟಿದ್ದರಂತೆ! ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಈಗ ಅಂಗಡಿಯಿಂದ ಒಂದು ಸೀಲಿಂಗ್ ಫ್ಯಾನು ತರಿಸಿ ಡಬ್ಬಕ್ಕೆ ಹಗ್ಗ ಬಿಗಿಯುತ್ತಿದ್ದಾರೆ, ಜೊತೆಗೆ ಒಳಗಿನಿಂದ ಹಾಕಲು ಒಂದು ಗಟ್ಟಿ ಚಿಲಕ. ರತ್ನಾಚಲ್‌ಗೆ ಟಿಕೆಟ್ಟು ಎರಡು ಮಾಡಿಸಿದ್ದಾರೆ. ಹೊಸ ಅಕೌಂಟಿಗೆ ಹೋಗುವಾಗ ಎಲ್ಲವನ್ನೂ ನಿನ್ನ ಇಷ್ಟದಂತೆ ಬದಲಾಯಿಸಿಕೊ ಮೇಧಾ, ಆ ಒಂದು ಹೆಸರನ್ನು ಮಾತ್ರ ಅವರು ಬರೆದ ಹಾಗೆಯೇ ಇಟ್ಟುಕೊ.